ಅಟ್ಟದ ಮೇಲಿನ ಕಲಘಟಗಿ ತೊಟ್ಟಿಲು: ಮೊಮ್ಮಗುವನ್ನು ಅದರಲ್ಲಿ ಹಾಕಬಹುದೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದೇವೆ. ಮಗಳು ಚೊಚ್ಚಲ ಬಸುರಿ. ಕುಬಸ ಮುಗಿಸಿ ಬಾಣಂತನಕ್ಕೆ ಕರೆದುಕೊಂಡು ಬಂದಿದ್ದೇವೆ, ಈಗ ಎಂಟನೇ ತಿಂಗಳು. ನವಲಗುಂದದ ಹತ್ತಿರ ನಮ್ಮ ಊರ ಮನೆಯ ಅಟ್ಟದಲ್ಲಿ ಒಂದು ಕಲಘಟಗಿ ತೊಟ್ಟಿಲಿದೆ. ನಮ್ಮ ಅತ್ತೆಯವರಿಗೆ ಅವರ ತವರಿನವರು ಕೊಟ್ಟದ್ದು. ನಮ್ಮ ಯಜಮಾನರು, ಅವರ ತಮ್ಮ, ತಂಗಿ, ಆಮೇಲೆ ನನ್ನ ಇಬ್ಬರು ಮಕ್ಕಳು, ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು. ಮೊದಲು ಅದರ ಮೇಲೆ ಕೃಷ್ಣನ ಚಿತ್ರಗಳಿದ್ದವು. 1996ರಲ್ಲಿ ಮಗಳು ಹುಟ್ಟಿದಾಗ ಹಳದಿ, ಹಸಿರು ಆಯಿಲ್ ಪೇಂಟ್ ಹೊಡೆಸಿದೆವು. ಈಗ ಅದು ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಹದಿಮೂರನೇ ದಿನ ಅದರಲ್ಲೇ ಹಾಕಿ ಹೆಸರಿಡಬೇಕು ಅಂತ ಅತ್ತೆಯವರ ಆಸೆ. ಅಳಿಯಂದಿರು ಬೇಡ, ಹೊಸದು ತರೋಣ ಅನ್ನುತ್ತಾರೆ. ಅಮೆರಿಕದಿಂದ ವಾಪಸ್ ಬಂದ ನನ್ನ ಮೈದುನನ ಮನೆಯಲ್ಲಿ 2005ರಲ್ಲಿ ಕೊಂಡ ಕಟಕಟೆಯ ತೊಟ್ಟಿಲೂ ಒಂದಿದೆ. ಅದರ ಒಂದು ಪಕ್ಕ ಕೆಳಗೆ ಜಾರುತ್ತದೆ. ಅದಾದರೂ ಆದೀತೇ? ಮುಂದಿನ ವಾರ ಬಡಿಗೇರರು ಮನೆಗೇ ಬಂದು ಕಲಘಟಗಿ ತೊಟ್ಟಿಲಿನ ಹಳೇ ಬಣ್ಣ ಉಜ್ಜಿ ತೆಗೆದು, ಹೊಸ ಪೇಂಟ್ ಹೊಡೆದು ಕೊಡುತ್ತೇನೆ ಅಂದಿದ್ದಾರೆ. ಏನು ಮಾಡೋಣ?

ಉತ್ತರ: ಅಕ್ಕಾವ್ರೇ, ಮೊದಲು ಒಂದು ಕೆಲಸ ಮಾಡಿ. ಬಡಿಗೇರರಿಗೆ ಇವತ್ತೇ ಫೋನ್ ಮಾಡಿ, ಸದ್ಯಕ್ಕೆ ಬರೋದು ಬೇಡ ಅಂತ ಹೇಳಿಬಿಡಿ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಹಳೇ ತೊಟ್ಟಿಲಲ್ಲ. ಎಂಟು ತಿಂಗಳ ಬಸುರಿ ಇರುವ ಮನೆಯಲ್ಲಿ ಅದರ ಬಣ್ಣ ಉಜ್ಜಿ ತೆಗೆಯುವ ಯೋಚನೆ.

ಕಾರಣ ಸೀಸ. ಆಯಿಲ್ ಪೇಂಟಿಗೆ ಗಾಢ ಬಣ್ಣ ಬರಲಿ, ಬೇಗ ಒಣಗಲಿ, ಬಹಳ ದಿನ ಬಾಳಲಿ ಅಂತ ಸೀಸದ ವಸ್ತುಗಳನ್ನು ಬೆರೆಸುತ್ತಿದ್ದರು. ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಲ್ಲಿ ಇದು ಜಾಸ್ತಿ. ಆ ಹೊಳೆಯುವ ಹಳದಿ ಬಹಳ ಸಲ ಲೆಡ್ ಕ್ರೋಮೇಟ್. ಹಸಿರು ಅಂದರೆ ಅದೇ ಹಳದಿಗೆ ನೀಲಿ ಬೆರೆಸಿದ್ದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಎಂಬ ನಿಯಮವನ್ನು ನಮ್ಮ ದೇಶದಲ್ಲಿ 2016ರ ನವೆಂಬರ್‌ನಲ್ಲಿ ಮಾಡಿದರು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನೀವು ಪೇಂಟ್ ಹೊಡೆಸಿದ್ದು ಅದಕ್ಕೂ ಎರಡು ದಶಕ ಮುಂಚೆ. ಪರೀಕ್ಷೆ ಮಾಡಿಸುವ ತನಕ ಆ ಹಳದಿ, ಹಸಿರಿನಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ.

ಬಣ್ಣ ಕಟ್ಟಿಗೆಗೆ ಗಟ್ಟಿಯಾಗಿ ಅಂಟಿಕೊಂಡು ಕೂತಿದ್ದರೆ ತೊಂದರೆ ಕಡಿಮೆ. ಪಾಲಿಶ್ ಪೇಪರ್ ಹಚ್ಚಿ ಉಜ್ಜಿದ ಕೂಡಲೇ ಅದು ನುಣ್ಣಗಿನ ಧೂಳಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಪಡಸಾಲೆಯ ನೆಲ, ಚಾಪೆ, ಒಣಗಿಸಿದ ಬಟ್ಟೆ, ಅಡುಗೆಮನೆಯ ಕಟ್ಟೆ, ಎಲ್ಲ ಕಡೆ ಕೂರುತ್ತದೆ. ಕಸಬರಿಗೆಯಿಂದ ಗುಡಿಸಿದರೆ ಮತ್ತೆ ಎದ್ದು ಹರಡುತ್ತದೆ. ಮಗಳು ಅದನ್ನು ಉಸಿರಾಡುತ್ತಾಳೆ, ಊಟದ ಜೊತೆ ನುಂಗುತ್ತಾಳೆ. ತಾಯಿಯ ರಕ್ತ ಸೇರಿದ ಸೀಸ ಮಾಸು ದಾಟಿ ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತದೆ. ಏಳೆಂಟು ತಿಂಗಳ ನಂತರ ಅದೇ ಕೂಸು ಅದೇ ನೆಲದ ಮೇಲೆ ಅಂಬೆಗಾಲಿಟ್ಟು, ಕೈ ಬಾಯಿಗೆ ಹಾಕಿಕೊಳ್ಳುತ್ತದೆ. ಪ್ರೀತಿಯಿಂದ ತೊಟ್ಟಿಲು ಚೆಂದ ಮಾಡಲು ಹೋಗಿ ಮನೆಯ ತುಂಬ ವಿಷದ ಧೂಳು ಹರಡಿದ ಹಾಗಾಗುತ್ತದೆ.

ಸೀಸ ಸೇರಿದ ಮಗು ಕಾಯಿಲೆ ಬಿದ್ದ ಹಾಗೆ ಕಾಣುವುದಿಲ್ಲ. ಜ್ವರ ಇಲ್ಲ, ಗುಳ್ಳೆ ಇಲ್ಲ. ಅದು ಕೆಡಿಸುವುದು ಬೆಳೆಯುತ್ತಿರುವ ಮೆದುಳನ್ನು. ಮುಂದೆ ಶಾಲೆಗೆ ಹೋದಾಗ ಗಮನ ನಿಲ್ಲುವುದಿಲ್ಲ, ಕಲಿಕೆ ಹಿಂದೆ ಬೀಳುತ್ತದೆ, ಸಿಟ್ಟು ಜಾಸ್ತಿ ಆಗುತ್ತದೆ. ಆಗ ಯಾರಿಗೂ ತೊಟ್ಟಿಲಿನ ನೆನಪು ಬರುವುದಿಲ್ಲ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರು ನುಂಗಿದಷ್ಟೇ ಸೀಸವನ್ನು ಚಿಕ್ಕ ಮಗು ನುಂಗಿದರೆ, ಮಗುವಿನ ಮೈ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಇದು ಅಮೆರಿಕದ ಮಕ್ಕಳ ಚಿಂತೆ, ನಮ್ಮದಲ್ಲ ಅಂತ ಬಿಡುವ ಹಾಗಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಊರೂರಿಗೆ ಹೋಗಿ ಇದೇ ಮಾತು ಹೇಳಿದವರು.

ಆಯಿಲ್ ಪೇಂಟ್ ಹೊಡೆಸದೆ ಮೂಲ ಬಣ್ಣದಲ್ಲೇ ಬಿಟ್ಟಿದ್ದರೆ ಚಿಂತೆ ಇರುತ್ತಿರಲಿಲ್ಲ, ಅದು ನೈಸರ್ಗಿಕ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಕಲಘಟಗಿ ತೊಟ್ಟಿಲಿನ ಮೂಲ ಬಣ್ಣವನ್ನು ಅರಗಿಗೆ ಬೆರೆಸಿ ಹಚ್ಚುತ್ತಾರೆ. ಅರಗು ಒಳ್ಳೆಯದೇ. ಅರಗಿನಿಂದ ತೆಗೆದ ಶೆಲ್ಯಾಕನ್ನು ಗುಳಿಗೆಗಳಿಗೂ ಲೇಪಿಸುತ್ತಾರೆ. ಆದರೆ ಅರಗಿಗೆ ಬೆರೆಸಿದ ಬಣ್ಣ ಯಾವುದು ಅನ್ನುವುದನ್ನು ಬೇರೆಯಾಗಿ ಕೇಳಬೇಕು. ನಮ್ಮ ಹಳೇ ಚಿತ್ರಕಲೆಯ ಇಂಗಳೀಕದ ಕೆಂಪಿನಲ್ಲಿ ಪಾದರಸ ಇರುತ್ತದೆ. ಅರಿದಾಳದ ಹಳದಿಯಲ್ಲಿ ಪಾಷಾಣ, ಅಂದರೆ ಆರ್ಸೆನಿಕ್. ಸಿಂಧೂರದ ಕಿತ್ತಳೆ ಬಣ್ಣದಲ್ಲಿ ಸೀಸವೇ. ಇವೆಲ್ಲ ಪೇಂಟ್ ಕಾರ್ಖಾನೆಗಳು ಬರುವ ಮೊದಲೇ ಬಳಕೆಯಲ್ಲಿದ್ದ ಬಣ್ಣಗಳು. ನಿಮ್ಮ ತೊಟ್ಟಿಲಿಗೆ ಇವನ್ನೇ ಹಾಕಿದ್ದರು ಅಂತ ನಾನು ಹೇಳುತ್ತಿಲ್ಲ. ಕಣ್ಣಿನಿಂದ ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಅಷ್ಟೇ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರ ಆಸೆ ನನಗೆ ಪೂರ್ತಿ ಅರ್ಥವಾಗುತ್ತದೆ. ಹುಬ್ಬಳ್ಳಿಯಿಂದ ಕಾರವಾರ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಕಲಘಟಗಿಯಲ್ಲಿ ಚಿತ್ರಗಾರ ಮನೆತನದವರು ಕೈಯಿಂದ ಮಾಡುವ ಈ ತೊಟ್ಟಿಲು ಸುಮ್ನೆ ಒಂದು ಸಾಮಾನಲ್ಲ. ಸಾಗವಾನಿ ಹಲಗೆ, ಅದರ ಮೇಲೆ ಬಾಲಕೃಷ್ಣನ ಆಟ, ರಾಮಾಯಣದ ಕಥೆ. ಮಗಳ ಚೊಚ್ಚಲ ಬಾಣಂತನಕ್ಕೆ ಇಂಥದ್ದೊಂದು ಕೊಡಬೇಕು ಅಂತ ತವರಿನವರು ದುಡ್ಡು ಕೂಡಿಡುತ್ತಿದ್ದರು. ಅದನ್ನು ಮೂಲೆಗೆ ಹಾಕಿ ಅಂತ ನಾನು ಹೇಳುವುದಿಲ್ಲ.

ಆದರೆ ಅತ್ತೆಯವರು ನೆನೆಯುವ ತೊಟ್ಟಿಲು ಬೇರೆ, ಈಗ ಅಟ್ಟದಲ್ಲಿರುವುದು ಬೇರೆ. ಅವರ ಮಕ್ಕಳು ಮಲಗಿದಾಗ ಅದರ ಮೇಲೆ ಈ ಆಯಿಲ್ ಪೇಂಟ್ ಇರಲಿಲ್ಲ. ಹಗ್ಗವೋ ಸರಪಳಿಯೋ ಆಗ ಹೊಸದು. ತೂಗುಹಾಕಿದ್ದು ಊರ ಮನೆಯ ದಪ್ಪ ತೊಲೆಗೆ. ಮನೆ ತುಂಬ ಜನ. ಒಬ್ಬರಲ್ಲ ಒಬ್ಬರು ತೊಟ್ಟಿಲ ಹತ್ತಿರ ಕೂತೇ ಇರುತ್ತಿದ್ದರು. ಈಗ ಬಣ್ಣಕ್ಕೆ ಒಂದು ವಯಸ್ಸು, ಸರಪಳಿಗೆ ಒಂದು ವಯಸ್ಸು, ಕೀಲುಗಳಿಗೆ ಒಂದು, ನಿಮ್ಮ ಮನೆಯ ಕೊಂಡಿಗೆ ಇನ್ನೊಂದು. ತೊಟ್ಟಿಲು ಹಳೇದು ಅಂತ ಒಟ್ಟಿಗೆ ಬೇಡ ಅನ್ನುವುದೂ ತಪ್ಪು, ನಮ್ಮವರೆಲ್ಲ ಮಲಗಿದ್ದಾರೆ ಅಂತ ಒಟ್ಟಿಗೆ ಸರಿ ಅನ್ನುವುದೂ ತಪ್ಪು. ಒಂದೊಂದನ್ನೇ ಬಿಡಿಸಿ ನೋಡಬೇಕು. ಇನ್ನೊಂದು ಮಾತನ್ನು ಅತ್ತೆಯವರಿಗೆ ನೋವಾಗದ ಹಾಗೆ ಹೇಳಿ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಆ ಕಾಲದಲ್ಲಿ ರಾತ್ರಿ ಮಲಗಿದ ಕೂಸು ಬೆಳಿಗ್ಗೆ ಏಳದಿದ್ದರೆ ಯಾಕೆ ಅಂತ ಹುಡುಕುವವರು ಯಾರೂ ಇರಲಿಲ್ಲ.

ಬಣ್ಣಕ್ಕೆ ಏನು ಮಾಡುವುದು? ತೊಟ್ಟಿಲನ್ನು ಊರ ಮನೆಯಲ್ಲೇ, ಅಂಗಳಕ್ಕೆ ಇಳಿಸಿ. ಮಗಳು ಅಲ್ಲಿ ಇರುವುದು ಬೇಡ. ಎದ್ದಿರುವ ಚಕ್ಕೆಗಳಲ್ಲಿ ಒಂದೆರಡು ಚಮಚದಷ್ಟನ್ನು, ಕಟ್ಟಿಗೆಯ ತನಕದ ಎಲ್ಲ ಪದರವೂ ಸೇರುವ ಹಾಗೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ. ಬಣ್ಣದಲ್ಲಿನ ಸೀಸ ಅಳೆಯುವ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಿ. ಎಷ್ಟು ಪಿಪಿಎಂ ಇದೆ ಅಂತ ಅಂಕಿಯಲ್ಲೇ ವರದಿ ಕೇಳಿ. ಹಚ್ಚಿದ ಕೂಡಲೇ ಕೆಂಪಾಗುವ ಕಡ್ಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಮೇಲಿನ ಪದರದಲ್ಲಿ ಸೀಸ ಇಲ್ಲದೆ ಕೆಳಗಿನದರಲ್ಲಿ ಇದ್ದರೆ ಅವು ತೋರಿಸುವುದಿಲ್ಲ. ಮಗುವಿನ ವಿಷಯದಲ್ಲಿ ಅವುಗಳನ್ನು ನಾನು ನಂಬುವುದಿಲ್ಲ.

ಹಾಗೆಯೇ ಅಟ್ಟದಲ್ಲಿ ತೊಟ್ಟಿಲಿನ ಜೊತೆ ಏನೇನು ಇಟ್ಟಿದ್ದೀರಿ ನೆನಪು ಮಾಡಿಕೊಳ್ಳಿ. ನವಲಗುಂದದ ಕಡೆ ಅಂದರೆ ಹತ್ತಿ, ಮೆಣಸಿನಕಾಯಿ, ಕಾಳು. ಅವುಗಳ ಜೊತೆ ಔಷಧಿ ಡಬ್ಬಿ, ಹುಳಕ್ಕೆ ಹಾಕುವ ಪುಡಿ. ಮುಂಚೆ ಬಿಎಚ್‌ಸಿ ಪುಡಿಯನ್ನು ಧಾರಾಳವಾಗಿ ಉದುರಿಸುತ್ತಿದ್ದರು. 1997ರಲ್ಲಿ ಅದನ್ನು ನಿಷೇಧಿಸಿದರು. ತೊಟ್ಟಿಲಿನ ಸಂದಿಯಲ್ಲಿ ಬಿಳಿ ಪುಡಿ ಕಂಡರೆ ಅದು ಆ ಔಷಧಿಯೂ ಆಗಿರಬಹುದು, ಕಟ್ಟಿಗೆ ಕೊರೆಯುವ ಹುಳದ ಹಿಟ್ಟೂ ಆಗಿರಬಹುದು. ಸಣ್ಣ ತೂತುಗಳಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ. ಏನೇ ಇದ್ದರೂ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆಯಿರಿ. ತಗಣಿಗೆ, ಹುಳಕ್ಕೆ ಅಂತ ಸೀಮೆಎಣ್ಣೆ, ಗೆದ್ದಲಿನ ಔಷಧಿ ಹಚ್ಚುವುದು ಬೇಡವೇ ಬೇಡ.

ಇನ್ನು ತೂಗುಹಾಕುವ ವಿಷಯ. ತೊಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಸುಗಳನ್ನು ನಮ್ಮ ಹತ್ತಿರ ತರುವಾಗ ಕೇಳಿದರೆ, ಕಟ್ಟಿಗೆ ಮುರಿದದ್ದು ಅಪರೂಪ. ಬಿಚ್ಚಿದ್ದು ಮೇಲಿನ ಕೊಂಡಿ ಅಥವಾ ಹಗ್ಗದ ಗಂಟು. ಇಲ್ಲವೇ ಚಿಕ್ಕ ಅಣ್ಣನೋ ಅಕ್ಕನೋ ಜೋರಾಗಿ ತೂಗಿದ್ದು. ನಿಮ್ಮದು ಸ್ಲ್ಯಾಬಿನ ಮನೆ ಅಂದುಕೊಳ್ಳುತ್ತೇನೆ. ಸ್ಲ್ಯಾಬ್ ಹಾಕುವಾಗಲೇ ಒಳಗಿನ ಸರಳಿಗೆ ಸಿಕ್ಕಿಸಿ ಬಿಟ್ಟ ಕೊಂಡಿ ಇದ್ದರೆ, ಅದಕ್ಕೆ ತುಕ್ಕು ಹಿಡಿದಿಲ್ಲದಿದ್ದರೆ, ಬಳಸಬಹುದು. ಆಮೇಲೆ ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ತಿರುಗಿಸಿ ಹಾಕಿದ ಕೊಂಡಿಗೆ ತೊಟ್ಟಿಲು ಕಟ್ಟಲೇಬೇಡಿ. ತೂಗಿದಾಗೆಲ್ಲ ಅದು ಸ್ವಲ್ಪ ಸ್ವಲ್ಪ ಸಡಿಲಾಗುತ್ತದೆ. ಸಡಿಲಾದದ್ದು ಕೆಳಗಿನಿಂದ ಕಾಣುವುದಿಲ್ಲ.

ಹಗ್ಗ ಹಳೇದಾಗಿದ್ದರೆ ನೋಡುವುದೇ ಬೇಡ, ಬದಲಿಸಿ. ಅಟ್ಟದಲ್ಲಿ ಇಲಿ ಬಾಯಿ ಹಾಕದೆ ಬಿಟ್ಟಿರುವುದಿಲ್ಲ. ಸರಪಳಿಯಾದರೆ ಒಂದು ಬಳೆ ಇನ್ನೊಂದು ಬಳೆಗೆ ತಾಗುವ ಜಾಗವನ್ನು ನೋಡಿ. ಅಲ್ಲೇ ಸವೆಯುವುದು. ತೆಳ್ಳಗಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಹೊಸದು ಹಾಕಿಸಿ. ಬಾಯಿ ತೆರೆದ ಕೊಕ್ಕೆ ಬೇಡ, ಬಾಯಿ ಮುಚ್ಚುವಂಥದ್ದೇ ಬೇಕು. ನಾಲ್ಕೂ ಒಂದೇ ಅಳತೆಯಲ್ಲಿವೆಯೇ ನೋಡಲು ಬರಿದಾದ ತೊಟ್ಟಿಲಿನ ತಳದ ಹಲಗೆಯ ಮೇಲೆ ಒಂದು ಗೋಲಿ ಇಡಿ. ಉರುಳಿ ಮೂಲೆಗೆ ಹೋದರೆ ತೊಟ್ಟಿಲು ವಾಲಿದೆ. ಮಗುವೂ ನಿಧಾನಕ್ಕೆ ಅದೇ ಮೂಲೆಗೆ ಸರಿಯುತ್ತದೆ.

ಹೆಸರಿಡುವ ದಿನ ಬಹಳ ಮನೆಗಳಲ್ಲಿ ಮೊದಲು ಗುಂಡಕಲ್ಲನ್ನು ತೊಟ್ಟಿಲಲ್ಲಿ ಹಾಕಿ ತೂಗುತ್ತಾರಲ್ಲ, ಆ ಶಾಸ್ತ್ರಕ್ಕಿಂತ ವಾರ ಮುಂಚೆಯೇ ನೀವು ಅದನ್ನು ಭಾರ ಹೆಚ್ಚಿಸಿ ಮಾಡಿ. 25 ಕಿಲೋದ ಜೋಳದ ಚೀಲ ಹಾಕಿ ಒಂದು ತಾಸು ತೂಗಿ, ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ಏಣಿ ಹತ್ತಿ ಕೊಂಡಿಯ ಸುತ್ತ ಬಿರುಕು ಬಿಟ್ಟಿದೆಯೇ, ತೊಟ್ಟಿಲಿನ ಕೀಲುಗಳು ಬಾಯಿ ಬಿಟ್ಟಿವೆಯೇ ನೋಡಿ. ಕೀಲು ಸಡಿಲಾಗಿದ್ದರೆ ಮೊಳೆ ಹೊಡೆಯುವುದು ಬೇಡ, ಹಳೇ ಕಟ್ಟಿಗೆ ಸೀಳುತ್ತದೆ. ಕಟ್ಟಿಗೆಯ ಬೆಣೆಯನ್ನೇ ಹೊಸದಾಗಿ ಹಾಕಿಸಿ. ನಿಮ್ಮ ಬಡಿಗೇರರ ಕೈಚಳಕ ಬೇಕಾದದ್ದು ಇಲ್ಲಿ. ಶಾಸ್ತ್ರದ ದಿನ ಗುಂಡಕಲ್ಲನ್ನು ಹೊರಗೆ ತೆಗೆದ ಮೇಲೆಯೇ ಕೂಸನ್ನು ಹಾಕಿ, ಎರಡೂ ಒಟ್ಟಿಗೆ ಬೇಡ. ತೊಟ್ಟಿಲು ನೆಲದಿಂದ ಒಂದೆರಡು ಗೇಣು ಎತ್ತರದಲ್ಲಿದ್ದರೆ ಸಾಕು. ಕೆಳಗೆ ದಪ್ಪ ಜಮಖಾನೆ ಹಾಸಿ.

ಒಳಗಿನ ಹಾಸಿಗೆಯ ಬಗ್ಗೆ ನಮ್ಮಲ್ಲಿ ಇರುವ ನಂಬಿಕೆ ಉಲ್ಟಾ. ಮೆತ್ತಗಿದ್ದಷ್ಟೂ ಕೂಸಿಗೆ ಸುಖ ಅಂದುಕೊಳ್ಳುತ್ತೇವೆ. ಹತ್ತಿ ಹಾಸಿಗೆ, ಅದರ ಮೇಲೆ ನಾಲ್ಕು ಮಡಿಕೆ ಕೌದಿ, ತಲೆ ದುಂಡಗಾಗಲಿ ಅಂತ ರಾಗಿಯದೋ ಸಾಸಿವೆಯದೋ ದಿಂಬು. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ; ಕುತ್ತಿಗೆಗೆ ಬಲ ಇಲ್ಲ. ಮೆತ್ತನೆಯ ಜಾಗದಲ್ಲಿ ಅಥವಾ ದಿಂಬಿನ ಮೇಲೆ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ನಾಳ ಮಡಚುತ್ತದೆ. ಮುಖ ಪಕ್ಕಕ್ಕೆ ತಿರುಗಿ ಕೌದಿಯಲ್ಲಿ ಹೂತುಕೊಂಡರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಗ ಕೂಸು ಅಳುವುದಿಲ್ಲ, ಒದ್ದಾಡುವುದಿಲ್ಲ. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ.

ಹಾಗಾಗಿ ತಳದ ಹಲಗೆಯ ಅಳತೆಗೆ ಸರಿಯಾಗಿ ಕೂರುವ ತೆಳ್ಳನೆಯ, ಗಟ್ಟಿ ಹಾಸಿಗೆ ಹೊಲಿಸಿ. ಹಾಸಿಗೆಗೂ ಪಕ್ಕದ ಹಲಗೆಗೂ ನಡುವೆ ಎರಡು ಬೆರಳು ತೂರಬಾರದು. ಮೇಲೆ ಬಿಗಿಯಾಗಿ ಸಿಕ್ಕಿಸಿದ ಒಂದು ಹತ್ತಿ ಬಟ್ಟೆ, ಅಷ್ಟೇ. ಹಾಸಿಗೆಯ ಮೇಲಿನಿಂದ ಪಕ್ಕದ ಹಲಗೆ ಒಂದು ಗೇಣಾದರೂ ಎತ್ತರ ಇರಬೇಕು. ಹಳೇ ತೊಟ್ಟಿಲಿಗೆ ದಪ್ಪ ಹಾಸಿಗೆ ಹಾಕಿದರೆ ಈ ಅಳತೆ ತಪ್ಪುತ್ತದೆ. ಪಕ್ಕಕ್ಕೆ ಹಲಗೆಯ ಬದಲು ಕಡೆದ ಕಂಬಿಗಳಿದ್ದರೆ ಅವುಗಳ ನಡುವಿನ ಸಂದಿ 6 ಸೆಂಟಿಮೀಟರ್ ದಾಟಬಾರದು. ದಾಟಿದರೆ ಮೈ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಕಣ್ಣಳತೆ ಬೇಡ, ಟೇಪ್ ಹಿಡಿದು ನೋಡಿ. ಒಂದು ಕಂಬಿ ಇಲ್ಲದಿದ್ದರೂ ಆ ತೊಟ್ಟಿಲು ಬೇಡ. ದೃಷ್ಟಿಯಾಗದಿರಲಿ ಅಂತ ಮೇಲೆ ಸೀರೆ ಹೊದಿಸುವುದು, ಕೆಳಗೆ ಕೆಂಡ ಇಟ್ಟು ಲೋಬಾನದ ಹೊಗೆ ಹಾಕುವುದು, ಎರಡನ್ನೂ ಬಿಡಿ. ಸೊಳ್ಳೆಗೆ ಪರದೆ ಸಾಕು. ಹೊಗೆ ಕೂಸಿನ ಪುಪ್ಪುಸಕ್ಕೆ ಒಳ್ಳೆಯದಲ್ಲ. ನಮ್ಮ ಬೇಸಿಗೆಯಲ್ಲಿ ಕುಲಾವಿ, ಕೌದಿ, ಕೆಂಡ ಸೇರಿ ಕೂಸಿನ ಮೈ ಕಾದುಹೋಗುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ತೂಗುವ ತೊಟ್ಟಿಲು ಹಗಲಿಗೆ, ಎಚ್ಚರ ಇರುವವರ ಕಣ್ಣೆದುರಿಗೆ. ರಾತ್ರಿಗೆ ಬೇಡ. ಇದರಲ್ಲಿ ನಾನು ಗಟ್ಟಿಯಾಗಿಯೇ ಇದ್ದೇನೆ. ರಾತ್ರಿ ಬಾಣಂತಿ ಸುಸ್ತಾಗಿ ಮಲಗಿರುತ್ತಾಳೆ, ನೀವೂ ಕಣ್ಣು ಮುಚ್ಚಿರುತ್ತೀರಿ. ತೊಟ್ಟಿಲು ಸ್ವಲ್ಪ ವಾಲಿದರೂ ನೋಡುವವರಿಲ್ಲ. ರಾತ್ರಿ ಕೂಸಿಗೆ ತಾಯಿಯ ಪಕ್ಕದಲ್ಲೇ, ಕೈಗೆಟಕುವ ಹಾಗೆ, ಆದರೆ ಬೇರೆಯಾದ ಗಟ್ಟಿ ಹಾಸಿಗೆ. ಅದೇ ಕೋಣೆ, ಅದೇ ಹಾಸಿಗೆಯಲ್ಲ. ಅಂಗಾತ ಮಲಗಿಸಿ. ಬೋರಲಾಗಿ ಬೇಡ, ಮಗ್ಗುಲಾಗಿಯೂ ಬೇಡ. ಅಂಗಾತ ಮಲಗಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುತ್ತದೆ ಅಂತ ಅಜ್ಜಿಯರು ಹೆದರುತ್ತಾರೆ. ಕೂಸು ಅಂಗಾತ ಇದ್ದಾಗ ಉಸಿರಿನ ನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ್ದು ಉಸಿರಿನ ಕಡೆ ಹೋಗುವುದು ಕಷ್ಟ. ಅಮೆರಿಕದಲ್ಲಿ 1994ರಿಂದ ಕೂಸುಗಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಮಾಡಿದರು. ಮಲಗಿದಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಅಲ್ಲಿ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂತು.

ಮತ್ತೆ, ಕೂಸು ಮಗ್ಗುಲಾಗಲು ಶುರು ಮಾಡಿದ ದಿನವೇ ತೊಟ್ಟಿಲಿನ ಕೆಲಸ ಮುಗಿಯಿತು. ಕೆಲವು ಕೂಸುಗಳು ಮೂರನೇ ತಿಂಗಳ ಕೊನೆಗೇ ಶುರು ಮಾಡುತ್ತವೆ, ಕೆಲವು ಐದಕ್ಕೆ. ತಿಂಗಳು ಎಣಿಸಬೇಡಿ, ಕೂಸನ್ನು ನೋಡಿ. ಮೇಲೆ ಕಟ್ಟಿದ ಗಿಣಿ, ಗುಬ್ಬಿಗಳ ದಾರ ಕೈಗೆ ಸಿಗುವ ಹಾಗಿದ್ದರೆ ಅದಕ್ಕೂ ಮೊದಲೇ ಬಿಚ್ಚಿಡಿ.

ಅಮೆರಿಕದ ಕಟಕಟೆಯ ತೊಟ್ಟಿಲಿನ ಬಗ್ಗೆ ಹೆಚ್ಚು ಯೋಚನೆಯೇ ಬೇಡ. ಬಳಸಬೇಡಿ. ಒಂದು ಪಕ್ಕ ಕೆಳಗೆ ಜಾರುವ ಆ ಮಾದರಿಯ ಪ್ಲಾಸ್ಟಿಕ್ ಚಿಲಕ, ತಿರುಪುಗಳು ಸವೆದು ಮುರಿಯುತ್ತವೆ. ಆ ಪಕ್ಕ ಒಂದು ತುದಿಯಲ್ಲಿ ಕಳಚಿ ಹಾಸಿಗೆಯಿಂದ ದೂರ ಸರಿಯುತ್ತದೆ. ಆ ಸಂದಿಗೆ ಕೂಸು ಉರುಳಿ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. 2000ನೇ ಇಸವಿಯಿಂದ ಹತ್ತು ವರ್ಷಗಳಲ್ಲಿ ಹೀಗೆ ಕನಿಷ್ಠ 32 ಮಕ್ಕಳು ಸತ್ತರು ಎಂದು ಅಲ್ಲಿನ ಗ್ರಾಹಕ ಸುರಕ್ಷಾ ಆಯೋಗವೇ ಹೇಳಿದೆ. 2011ರ ಜೂನ್ 28ರಿಂದ ಅಲ್ಲಿ ಅಂಥ ತೊಟ್ಟಿಲನ್ನು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ, ಹಳೇದನ್ನೂ ಮಾರುವ ಹಾಗಿಲ್ಲ. ಶಿಶುವಿಹಾರ, ಹೋಟೆಲುಗಳಿಗೂ 2012ರ ಡಿಸೆಂಬರ್ ಒಳಗೆ ಬದಲಿಸಲು ಹೇಳಿದರು. ನಿಮ್ಮ ಮೈದುನರದ್ದು ಅದಕ್ಕಿಂತ ಮುಂಚಿನದು. ಬಿಚ್ಚಿ, ಹಡಗಿನಲ್ಲೋ ವಿಮಾನದಲ್ಲೋ ಬಂದು, ಇಲ್ಲಿ ಮತ್ತೆ ಜೋಡಿಸಿದ್ದು ಬೇರೆ. ತಿರುಪು ಹಾಕಿ ಆ ಪಕ್ಕ ಬಿಗಿಸಿಬಿಡೋಣವೇ ಅಂತ ಕೇಳಬೇಡಿ. ಯಾರಿಗಾದರೂ ಕೊಡುವುದೂ ಬೇಡ. ಕೆಲಸದವರ ಮನೆಗೆ ಕೊಟ್ಟರೆ ಅಲ್ಲಿಯೂ ಮಲಗುವುದು ಒಂದು ಕೂಸೇ ಅಲ್ವಾ? ಜೋಡಿಸಲು ಬಾರದ ಹಾಗೆ ಕೊಯ್ದು ಹಾಕಿ.

ಅಳಿಯಂದಿರು ಹೊಸದು ತರುವುದಾದರೆ ಅವರಿಗೂ ಒಂದು ಮಾತು. ಹೊಸದು ಅಂದ ಕೂಡಲೇ ಒಳ್ಳೆಯದಲ್ಲ. ಕಬ್ಬಿಣದ ಚೌಕಟ್ಟಿಗೆ ಬಟ್ಟೆ ಅಥವಾ ಬಲೆಯ ಜೋಲಿ ಇಳಿಬಿಟ್ಟ, ಸ್ಪ್ರಿಂಗ್ ಅಥವಾ ಮೋಟಾರಿನಿಂದ ತೂಗುವ ತೊಟ್ಟಿಲುಗಳು ಅಂಗಡಿಗಳಲ್ಲಿ ಬೇಕಾದಷ್ಟಿವೆ. ಅದರಲ್ಲಿ ಕೂಸು ಬಿಲ್ಲಿನ ಹಾಗೆ ಬಾಗಿ, ಗದ್ದ ಎದೆಗೆ ತಾಗಿ ಮಲಗುತ್ತದೆ. ಮನೆಯಲ್ಲಿ ಸೀರೆ ಕಟ್ಟಿ ಮಾಡುವ ಜೋಲಿಯದೂ ಇದೇ ತೊಂದರೆ. ಜೊತೆಗೆ ಐದಾರು ವರ್ಷದ ಮಕ್ಕಳು ಆ ಸೀರೆಯಲ್ಲಿ ಸುತ್ತಿಕೊಂಡು ಆಡಲು ಹೋಗಿ ಕುತ್ತಿಗೆ ಬಿಗಿದು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅದಕ್ಕಿಂತ ತಳಕ್ಕೆ ಸಮನಾದ ಹಲಗೆ ಇರುವ ನಿಮ್ಮ ಕಲಘಟಗಿ ತೊಟ್ಟಿಲು ಎಷ್ಟೋ ಮೇಲು. ಇದನ್ನು ಅಳಿಯಂದಿರಿಗೆ ತೋರಿಸಿ. ಕೊಳ್ಳುವುದಾದರೆ ರಾತ್ರಿಗೆಂದು ತೂಗದ, ನಾಲ್ಕು ಕಡೆಯೂ ಗಟ್ಟಿಯಾಗಿ ನಿಂತ, ಸಮತಳದ ಮಂಚ ಕೊಳ್ಳಲಿ.

ಹದಿಮೂರನೇ ದಿನದ ಬಗ್ಗೆ: ತೊಟ್ಟಿಲಕ್ಕೆ ಹಾಕಿ, ಅತ್ತೆಯವರ ಕೈಯಿಂದಲೇ ತೂಗಿಸಿ. ವರದಿ ಅಷ್ಟರೊಳಗೆ ಬರದಿದ್ದರೂ ಆ ಒಂದು ತಾಸಿನಿಂದ ತೊಂದರೆ ಆಗದ ಹಾಗೆ ನೋಡಿಕೊಳ್ಳಬಹುದು. ಎದ್ದ ಚಕ್ಕೆಗಳನ್ನು ಊರಲ್ಲೇ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಮಾತ್ರ ತೆಗೆಯಬೇಕು. ಒಣಗಿದ್ದನ್ನು ಕೆರೆಯಬಾರದು. ಒಳಗಡೆ ಮತ್ತು ಮೇಲಿನ ಅಂಚಿಗೆಲ್ಲ ದಪ್ಪ ಹೊಸ ಬಟ್ಟೆಯನ್ನು ಬಿಗಿಯಾಗಿ ಹೊಲಿದು ಮುಚ್ಚಿ. ಶಾಸ್ತ್ರ ಮುಗಿದ ಮೇಲೆ ಕೂಸನ್ನು ಎತ್ತಿಕೊಳ್ಳಿ, ಆ ಬಟ್ಟೆಯನ್ನು ಬಿಚ್ಚಿ ಎಸೆಯಿರಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ. ದಿನನಿತ್ಯದ ಬಳಕೆ ವರದಿ ಬಂದ ನಂತರದ ಮಾತು.

ವರದಿಯಲ್ಲಿ 90 ಪಿಪಿಎಂ ಒಳಗಿದ್ದರೆ ಚಕ್ಕೆ ಎದ್ದಲ್ಲಿ ಸರಿ ಮಾಡಿಸಿ ಹಗಲಿಗೆ ಬಳಸಿ. ಜಾಸ್ತಿ ಇದ್ದರೆ, ನನಗೆ ಅದೇ ಅನುಮಾನ, ಈ ಕೂಸಿಗೆ ಶಾಸ್ತ್ರಕ್ಕಷ್ಟೇ ಸಾಕು. ಅವಸರ ಇಲ್ಲದೆ ಮುಂದಿನ ವರ್ಷ ಕಲಘಟಗಿಯ ಚಿತ್ರಗಾರರ ಹತ್ತಿರ ಹೋಗಿ, ವರದಿ ತೋರಿಸಿ, ಬಣ್ಣವನ್ನು ಒಣಗಿಸಿ ಉಜ್ಜದೆ ಒದ್ದೆ ಮಾಡಿಯೇ ತೆಗೆಯಲು ಕೇಳಿ. ಕೆಲಸ ಅವರ ಮಕ್ಕಳು ಆಡುವ ಜಾಗದಲ್ಲೂ ನಡೆಯಬಾರದು. ಮಾಡುವವರು ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಬೇಕು, ಕೈ ತೊಳೆಯದೆ ಊಟ ಮಾಡಬಾರದು. ಆಯಿಲ್ ಪೇಂಟಿನ ಕೆಳಗೆ ಕೃಷ್ಣನ ಚಿತ್ರ ಉಳಿದಿದ್ದರೆ ಅವರಿಗೆ ಗೊತ್ತಾಗುತ್ತದೆ. ಹೊಸದಾಗಿ ಹಚ್ಚುವ ಬಣ್ಣದ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಅಂತ ಅಚ್ಚಾಗಿರಲೇಬೇಕು. ಅದನ್ನು ನೀವೇ ಓದಿ ನೋಡಿ.

ಈ ಉತ್ತರ ಓದುವ ಹೊತ್ತಿಗೆ ಬಡಿಗೇರರು ಬಂದು ಮನೆಯಲ್ಲೇ ಉಜ್ಜಿ ಮುಗಿಸಿದ್ದರೆ ಮಗಳನ್ನು ಕೆಲವು ದಿನ ಬೇರೆ ಮನೆಗೆ ಕಳಿಸಿ. ಗುಡಿಸಬೇಡಿ. ನೆಲ, ಕಿಟಕಿಯ ಕಟ್ಟೆ, ಮಂಚದ ಕೆಳಗೆ ಎಲ್ಲ ಸೋಪಿನ ನೀರಲ್ಲಿ ಎರಡು ಮೂರು ಸಲ ಒರೆಸಿ, ನೀರನ್ನು ತೋಟಕ್ಕೆ ಚೆಲ್ಲದೆ ಮೋರಿಗೆ ಹಾಕಿ. ಆಮೇಲೆ ಮಗಳ ಪ್ರಸೂತಿ ವೈದ್ಯರಿಗೆ ನಡೆದದ್ದನ್ನು ಹೇಳಿ, ಅವಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಕಬ್ಬಿಣದ ಗುಳಿಗೆ, ಸುಣ್ಣದ ಅಂಶದ ಗುಳಿಗೆ ಒಂದು ದಿನವೂ ತಪ್ಪಬಾರದು. ಹೊಟ್ಟೆ ಖಾಲಿ ಇದ್ದರೆ ಸೀಸ ಬೇಗ ಮೈಗೆ ಹತ್ತುತ್ತದೆ, ಅದಕ್ಕೆ ಹೊತ್ತು ಹೊತ್ತಿಗೆ ಊಟ ಮಾಡಲು ಹೇಳಿ.